ಅತ್ತೆಯ ಹೆಸರೂ ಅದೇ

ನನ್ನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಗುಟ್ಟೇನಲ್ಲ. ಹೇಳಿದರೆ ಓದುವವರ ಮನೆಯಲ್ಲೇ ಒಬ್ಬರು 'ಆ?' ಅನ್ನುತ್ತಾರೆ, ಅಷ್ಟೇ. ರಾಮನಗರವೋ ಚನ್ನಪಟ್ಟಣವೋ, ಕನಕಪುರವೋ ಮಾಗಡಿಯೋ, ಯಾವುದಾದರೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಹೆಸರು ಹಿಡಿದು ಜೋರಾಗಿ ಕೂಗಿ ನೋಡಿ. ಕಡಲೆಕಾಯಿ ಮಾರುವವಳೂ ತಿರುಗುತ್ತಾಳೆ, ಕಾಲೇಜಿನ ಮೇಡಮ್ಮೂ ತಿರುಗುತ್ತಾರೆ. ಅಂಥ ಹೆಸರು. ದೇವರದ್ದು, ಹಳೆಯದ್ದು, ಯಾರಪ್ಪನ ಸ್ವತ್ತೂ ಅಲ್ಲದ್ದು. ಅಂಥ ಹೆಸರನ್ನು ಗಂಡನ ಬಾಯಲ್ಲಿ ಒಂದು ಸಲ ಕೇಳಿಸಿಕೊಳ್ಳಬೇಕು ಅಂತ ನಾನು ಅರ್ಧ ಆಯಸ್ಸು ಹಲ್ಲು ಕಚ್ಚಿಕೊಂಡು ಕಾದೆ ಅಂದರೆ ನಗುತ್ತೀರಿ. ನಗಿ. ನನಗಂತೂ ಇವತ್ತಿಗೂ ನಗು ಬರುವುದಿಲ್ಲ.

ನಾನು ಹುಟ್ಟಿದ್ದು ಮಾಗಡಿ ಕಡೆಯ ಕಲ್ಯದಲ್ಲಿ. ನಮ್ಮವ್ವನಿಗೆ ನೋವು ಬಂದಾಗ ಮಗು ಅಡ್ಡ ತಿರುಗಿತ್ತಂತೆ. ಎರಡು ಜೀವವೂ ಉಳಿಯುವುದಿಲ್ಲ ಅಂತ ಹೆಂಗಸರೆಲ್ಲ ಮುಖ ತಿರುಗಿಸಿಕೊಂಡು ಕೂತಿದ್ದಾಗ ಊರಿನ ಸೂಲಗಿತ್ತಿ ರಾಗಿ ಹೊಲದಿಂದ ಎದ್ದು ಬಂದು, ಕೈ ತೊಳೆದುಕೊಂಡು, ಎರಡನ್ನೂ ಉಳಿಸಿದಳು. "ನಿನಗೇನು ಕೊಡ್ಲವ್ವಾ?" ಅಂತ ನಮ್ಮವ್ವ ಕೇಳಿದ್ದಕ್ಕೆ, "ಏನೂ ಬ್ಯಾಡ ಕಣವ್ವಾ. ನಂಗೆ ಎಣ್ಣುಮಕ್ಕಳಿಲ್ಲ, ನನ್ನ ಎಸ್ರು ಮಡುಗು" ಅಂದಳಂತೆ. ನಮ್ಮ ರಕ್ತವಲ್ಲ, ನಮ್ಮ ಕುಲವಲ್ಲ, ನಮ್ಮ ಬೀದಿಯವಳೂ ಅಲ್ಲ. ಆದರೂ ನಮ್ಮವ್ವ ಯಾರ ಮಾತಿಗೂ ಸೊಪ್ಪು ಹಾಕದೆ ಅವಳ ಹೆಸರನ್ನೇ ಇಟ್ಟಳು. ನಾನು ಓಡಾಡುವಷ್ಟು ದೊಡ್ಡವಳಾದ ಮೇಲೆ ಆ ಅಜ್ಜಿ ದಾರಿಯಲ್ಲಿ ಸಿಕ್ಕರೆ, "ಏನೇ ನನ್ನೆಸ್ರೇ, ಎಲ್ಲಿಗೊಯ್ತಿದ್ದೀಯೇ?" ಅನ್ನುತ್ತಿದ್ದಳು. ನನಗೆ ಎಲ್ಲಿಲ್ಲದ ಜಂಭ ಬರುತ್ತಿತ್ತು.

ಊರಾಚೆ ಒಂದು ಹಳೇ ಕಟ್ಟೆಯಿದೆ. ಪಾಳೇಗಾರರ ಕಾಲದಲ್ಲಿ ಯಾವಳೋ ಪುಣ್ಯಾತ್ಗಿತ್ತಿ ಮೈಮೇಲಿನ ಒಡವೆ ಮಾರಿ ಕಟ್ಟಿಸಿದ್ದಂತೆ. ಆ ಕಟ್ಟೆಯನ್ನು ಕರೆಯುವುದೂ ಅವಳ ಹೆಸರಿನಿಂದಲೇ, ಅಂದರೆ ನನ್ನದರಿಂದಲೇ. ಬೇಸಿಗೆ ಬಂತೆಂದರೆ ಎಮ್ಮೆ ಮೇಯಿಸುವವರು, "ಲೇ, ನಿನ್ನೊಳಗೆ ಒಸೀನೂ ನೀರಿಲ್ಲ ಕಣೇ, ಬರೀ ಕೆಸರು" ಅಂತ ನನ್ನನ್ನು ಛೇಡಿಸುತ್ತಿದ್ದರು. ಮಾಗಡಿಯ ಹೈಸ್ಕೂಲಿಗೆ ಹೋದರೆ ಅಲ್ಲಿ ಒಂದೇ ಕ್ಲಾಸಿನಲ್ಲಿ ನಾವು ಮೂವರು. ಹಾಜರಿ ಕೂಗುವಾಗ ಮೂವರೂ ಒಟ್ಟಿಗೆ ಎದ್ದು ನಿಂತರೆ ಮೇಷ್ಟರು ಕನ್ನಡಕ ತೆಗೆದು, "ಏನ್ರಮ್ಮಾ, ನಿಮ್ಮಪ್ಪಂದಿರು ಒಟ್ಟಿಗೆ ಕೂತು ಮಾತಾಡ್ಕೊಂಡು ಇಟ್ರಾ?" ಅನ್ನುತ್ತಿದ್ದರು. ಆದರೆ ಯಾರೂ ಯಾರಿಗೂ ನಿನ್ನದನ್ನು ಬಿಟ್ಟುಕೊಡು ಅನ್ನಲಿಲ್ಲ. ಅದು ನನಗೆ ಗೊತ್ತಿದ್ದ ಲೋಕ.

ಆಮೇಲೆ ಕನಕಪುರದಿಂದ ಗಂಡಿನ ಕಡೆಯವರು ನೋಡಲು ಬಂದರು. ಹುಡುಗ ಅಪ್ಪನ ಕಾಲದ ಮೋಟರ್ ವೈಂಡಿಂಗ್ ಅಂಗಡಿ ನಡೆಸುತ್ತಿದ್ದ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ತಂದೆ ಇರಲಿಲ್ಲ, ತಾಯಿಯದೇ ಯಜಮಾನಿಕೆ. ಹುಡುಗನ ಮಾತು ಕಮ್ಮಿ, ಮುಖ ಚೆನ್ನಾಗಿತ್ತು, ನನಗೆ ಒಪ್ಪಿಗೆಯಾಯಿತು. ಮುಂದೆ ನನ್ನ ಅತ್ತೆಯಾಗಲಿದ್ದವರು ಕಾಫಿ ಕುಡಿಯುತ್ತಾ, "ಏನವ್ವಾ ನಿನ್ ಎಸ್ರು?" ಅಂದರು. ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಅದು ನನ್ನ ಎಸ್ರು" ಅಂದರು.

ನಮ್ಮಪ್ಪ ನಕ್ಕು, "ಒಳ್ಳೇದೇ ಆಯ್ತು ಬುಡಿ, ಅತ್ತೆ ಸೊಸೆ ಒಂದೇ ಅಂದಂಗಾಯ್ತು" ಅಂತ ತಮಾಷೆ ಮಾಡಿದರು. ನಕ್ಕವರು ಅವರೊಬ್ಬರೇ. ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು: "ಎಣ್ಣು ಚೆಂದಾಗವ್ಳೆ. ಮನೇನೂ ಚೆಂದಾಗೈತೆ. ಎಸ್ರೊಂದು ಬದ್ಲಾಯಿಸ್ಬೇಕು. ನನ್ ಮಗ ಎಂಡ್ತೀನ ಕೂಗುದ್ರೆ ಎತ್ತವ್ವನ್ನ ಎಸ್ರಿಡಿದು ಕೂಗ್ದಂಗಾಯ್ತದೆ. ಬೈದ್ರೆ ಎತ್ತವ್ವನ್ನ ಬೈದಂಗೆ. ನಮ್ ಕಡೆ ಅದಾಗಾಕಿಲ್ಲ."

ನಮ್ಮ ಕಡೆಯೂ ಆ ಪದ್ಧತಿ ಇತ್ತು, ಇಲ್ಲ ಅನ್ನುವುದಿಲ್ಲ. ಸೊಸೆಯ ಹೆಸರು ಅತ್ತೆಯದೇ ಆಗಿದ್ದರೆ ಬದಲಾಗುವುದು ಸೊಸೆಯದು. ಆದರೆ ಕಾಲುಂಗುರ ಹಾಕಿಕೊಳ್ಳುವ ಹಾಗೆ ಇದನ್ನೂ ಹಾಕಿಕೊಂಡು ಸುಮ್ಮನಿರಬೇಕು ಅಂದರೆ ಹೇಗೆ? ನಾನು ಒಳಗೆ ಸರಿದು, ಬಾಗಿಲ ಸಂದಿಯಿಂದ ಅಪ್ಪನ ಮುಖ ನೋಡಿದೆ. ಅಪ್ಪ, "ಆಯ್ತು ಬುಡಿ, ನಿಮ್ಮನೆ ಬೆಳಗೋಳು, ನಿಮ್ಮಿಷ್ಟ" ಅಂದುಬಿಟ್ಟರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ನಾನು ಕೊಡುವ ಮೊದಲೇ ಹೊರಗಾಗಿದ್ದೆ.

ಲಗ್ನಪತ್ರಿಕೆಯಲ್ಲಿ ನಡೆದ ಅವಾಂತರ ಕೇಳಿ. ನಮ್ಮಪ್ಪ ತಮ್ಮ ಕಡೆಯವರಿಗೆ ನನ್ನ ಹೆಸರು ಹಾಕಿಸಿ ಅಚ್ಚು ಹಾಕಿಸಿದರು. ಗಂಡಿನ ಕಡೆಯವರು ತಮ್ಮವರಿಗೆ ಹೊಸ ಹೆಸರು ಹಾಕಿಸಿದರು. ಆ ಹೊಸದು ನನ್ನ ನಾದಿನಿ ಆರಿಸಿದ್ದು, ಆಗ ಎಲ್ಲರ ಮನೆಯಲ್ಲೂ ಇಡುತ್ತಿದ್ದ ಎರಡಕ್ಷರದ ಹೆಸರು. ಮದುವೆ ನಡೆದದ್ದು ಎರಡೂ ಕಡೆಗೆ ಅನುಕೂಲವಾಗಲಿ ಅಂತ ರಾಮನಗರದ ಛತ್ರದಲ್ಲಿ. ಛತ್ರದ ಬಾಗಿಲಿನ ಥರ್ಮೋಕೋಲ್ ಬೋರ್ಡು ಬರೆಸಿದ್ದು ಗಂಡಿನ ಕಡೆಯವರಾದ್ದರಿಂದ ಅದರಲ್ಲಿ ಹೊಸ ಹೆಸರೇ ಮಿಂಚುತ್ತಿತ್ತು. ನಮ್ಮ ದೊಡ್ಡಪ್ಪ ಬಂದು ನೋಡಿದ್ದಾರೆ, ಇದು ನಮ್ಮ ಹುಡುಗಿಯದಲ್ಲ ಅಂದುಕೊಂಡು ಪಕ್ಕದ ರಸ್ತೆಯ ಛತ್ರಕ್ಕೆ ಹೋಗಿದ್ದಾರೆ. ಅಲ್ಲಿನ ಮದುಮಗಳಿಗೆ ನನ್ನದೇ ಹೆಸರು! ಯಾರೋ ಏನೋ, ಸಂಬಂಧವಿಲ್ಲ. ಗಂಡಿನ ಹೆಸರು ನೋಡುವಷ್ಟು ತಾಳ್ಮೆ ನಮ್ಮ ದೊಡ್ಡಪ್ಪನಿಗೆ ಯಾವತ್ತೂ ಇರಲಿಲ್ಲ. ಮೊದಲ ಪಂಕ್ತಿಯಲ್ಲಿ ಕೂತು ಊಟ ಮಾಡಿ, ಹೋಳಿಗೆ ಎರಡು ಸಲ ಹಾಕಿಸಿಕೊಂಡು, ಅಕ್ಷತೆ ಹಾಕಲು ಹತ್ತಿರ ಹೋದಾಗ, "ಯಾರವ್ವಾ ನೀನು?" ಅಂದರಂತೆ. ಊರಿನಲ್ಲಿ ವರ್ಷಗಟ್ಟಲೆ ಇದನ್ನು ಹೇಳಿಕೊಂಡು ನಕ್ಕರು. ನನಗೆ ಮಾತ್ರ ಆ ಇನ್ನೊಬ್ಬ ಮದುಮಗಳ ಮೇಲೆ ಹೊಟ್ಟೆಕಿಚ್ಚು. ಅವಳು ತನ್ನ ಹೆಸರಿನ ಕೆಳಗೇ ಕೂತು ತಾಳಿ ಕಟ್ಟಿಸಿಕೊಂಡಳಲ್ಲ.

ಮನೆ ತುಂಬಿಸಿಕೊಂಡ ದಿನ ತಟ್ಟೆಯಲ್ಲಿ ಅಕ್ಕಿ ಹರಡಿದರು. ಅಯ್ನೋರು ಮಂತ್ರ ಹೇಳಿ, ಹುಡುಗನ ಕೈಗೆ ಉಂಗುರ ಕೊಟ್ಟು, ಅಕ್ಕಿಯ ಮೇಲೆ ಹೊಸ ಹೆಸರು ಬರೆ ಅಂದರು. ಇವರು ಬರೆದರು. ಎದುರಿಗೆ ಕೂತ ನಾನು ಅದನ್ನು ತಲೆಕೆಳಗಾಗಿ ಓದಿಕೊಂಡೆ. ಅದೇ ಅಕ್ಕಿಯನ್ನು ಸಂಜೆಗೆ ಅನ್ನ ಮಾಡಿದರು, ನಾನೂ ಉಂಡೆ.

ಮೊದಲ ವಾರವೆಲ್ಲ ಮನೆಯವರು ಹೊಸ ಹೆಸರು ಹಿಡಿದು ಕೂಗುವುದು, ನಾನು ಸುಮ್ಮನಿರುವುದು. ಬೇಕೆಂದೇ ಅಲ್ಲ, ಕೆಲವು ಸಲ ಬೇಕೆಂದೇ. "ಅಯ್ಯೋ ಶಿವನೇ, ಕಿವುಡೀನ ತಂದ್ಕೊಂಡ್ವಾ?" ಅಂತ ಅತ್ತೆ ಬೀದಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕಿಂತ ಉರಿ ತರಿಸಿದ್ದು ಇನ್ನೊಂದು: ಆ ಮನೆಯಲ್ಲಿ ಅತ್ತೆಯನ್ನು ಹೆಸರು ಹಿಡಿದು ಕೂಗುವವರೇ ಯಾರೂ ಇರಲಿಲ್ಲ. ಮಾವ ತೀರಿಹೋಗಿದ್ದರು. ಮಕ್ಕಳಿಗೆ ಅವ್ವ, ಬೀದಿಯವರಿಗೆ ದೊಡ್ಡವ್ವ. ಯಾರೂ ಕೂಗದ ಹೆಸರಿಗೆ ಅಷ್ಟೊಂದು ಕಾವಲು! ಹುಲ್ಲಿನ ಮೆದೆ ಕಾಯುವ ನಾಯಿ ತಾನೂ ತಿನ್ನುವುದಿಲ್ಲ, ಹಸುವಿಗೂ ಬಿಡುವುದಿಲ್ಲ ಅಂತಾರಲ್ಲ, ಹಾಗೆ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ, ಮನಸ್ಸಿನಲ್ಲಿ ನೂರು ಸಲ ಹೇಳಿದ್ದೇನೆ.

ಮದುವೆಯಾಗಿ ಮೂರು ತಿಂಗಳಿಗೆ ಅಪ್ಪ ನೋಡಲು ಬಂದರು. ಅವರೆಕಾಯಿ ಚೀಲ ಹೊತ್ತು, ಬಿಸಿಲಿನಲ್ಲಿ ಬಸ್ಸಿಳಿದು ನಡೆದು ಬಂದು, ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿದರು. ಬಾಯ್ತುಂಬ, ಹೊಲದಿಂದ ಮನೆಗೆ ಕೂಗುತ್ತಿದ್ದ ಹಾಗೆಯೇ. ನಾನು ಒಲೆಯ ಮುಂದಿಂದ ಎದ್ದು ಓಡಿದೆ. ಅಷ್ಟರಲ್ಲಿ ಅತ್ತೆ ನಡುಮನೆಯಿಂದ, "ಯಾರಪ್ಪಾ ಅದು, ನನ್ನೆಸ್ರಿಡಿದು ಕೂಗೋ ಗಂಡ್ಸು?" ಅಂದರು.

ಅಪ್ಪನ ಮುಖ ಆಗ ನೋಡಬೇಕಿತ್ತು. ಪಾಪ, ಬೀಗತಿಯನ್ನು ಹೆಸರು ಹಿಡಿದು ಕರೆದ ಅಪರಾಧಿಯ ಹಾಗೆ ಚೀಲ ಕೆಳಗಿಟ್ಟು ಕೈ ಮುಗಿದರು. "ತಪ್ಪಾಯ್ತು ಕಣವ್ವಾ, ಅಭ್ಯಾಸಬಲ" ಅಂದರು. ಊಟಕ್ಕೆ ಕೂತಾಗ ನನ್ನನ್ನು 'ಮಗಾ' ಅಂದರು. ಹೊಸ ಹೆಸರು ಅವರ ಬಾಯಿಗೆ ಬರಲಿಲ್ಲ, ಹಳೆಯದಕ್ಕೆ ಹೆದರಿಕೆ. ಅವತ್ತಿನಿಂದ ಅಪ್ಪ ನನ್ನ ಹೆಸರು ಕೂಗಲೇ ಇಲ್ಲ. ನಾನು ಕಲ್ಯಕ್ಕೆ ಹೋದಾಗಲೂ 'ಬಾ ಮಗಾ', 'ಉಣ್ಣು ಮಗಾ'. "ಇಲ್ಲಿ ನಮ್ಮತ್ತೆ ಇಲ್ಲ, ಕೂಗಪ್ಪಾ" ಅಂತ ಒಂದು ಸಲ ಜಗಳವಾಡಿದೆ. "ಬಾಯಿ ತಪ್ಪಿ ಅಲ್ಲೂ ಬಂದ್ಬುಟ್ರೆ ಏನ್ ಮಾಡದು ಮಗಾ?" ಅಂದರು. ನನ್ನ ಹೆಸರು ಕೂಗದೆಯೇ ಒಂದು ದಿನ ತೀರಿಹೋದರು. ಅತ್ತೆಯ ಮೇಲೆ ನನಗೆ ಬೇರೆ ಎಷ್ಟೋ ಸಿಟ್ಟುಗಳಿದ್ದವು, ಎಲ್ಲ ಕರಗಿವೆ. ಇದೊಂದು ಮಾತ್ರ ಬಹಳ ಕಾಲ ಕರಗಲಿಲ್ಲ.

ಬಸುರಿಯಾದಾಗ ರಾಮನಗರದ ಡಾಕ್ಟರಮ್ಮನ ಹತ್ತಿರ ಹೋದೆವು. ಜೊತೆಗೆ ಅತ್ತೆ. ನರ್ಸು ಹೊರಗೆ ಬಂದು ಚೀಟಿಯಲ್ಲಿ ನಾನೇ ಬರೆಸಿದ್ದ ನನ್ನ ಹಳೆಯ ಹೆಸರು ಕೂಗಿದಳು. ನಾನು ಎದ್ದು ಕಾಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಒಳಗೆ ನಡೆದುಬಿಟ್ಟಿದ್ದರು. ತಲೆಯೆತ್ತಿ ನೋಡದ ನರ್ಸು, "ಮಂಚದ ಮೇಲೆ ಮಲ್ಕೊಳಿ, ಸೀರೆ ಸಡಿಲ ಮಾಡ್ಕೊಳಿ, ಎಷ್ಟು ತಿಂಗಳು?" ಅಂದಳು. "ಥೂ, ನಂಗ್ಯಾಕವ್ವಾ ಈ ವಯಸ್ನಲ್ಲಿ!" ಅಂತ ಅತ್ತೆ ಕಿರುಚಿದ್ದು ಹೊರಗಿನ ಬೆಂಚಿನವರೆಗೂ ಕೇಳಿಸಿತು. ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. ಅವರ ಹೆಸರೂ ಅದೇ, ಬಾಗಿಲ ಬೋರ್ಡಿನಲ್ಲೇ ಇತ್ತು. ಆ ಚಿಕ್ಕ ಕೋಣೆಯಲ್ಲಿ ನಾವು ಮೂರು ಜನ ಒಂದೇ ಹೆಸರಿನವರು. ಡಾಕ್ಟರಮ್ಮ, "ಇದರಲ್ಲೇನು ನಾಚಿಕೆ, ನಾವೆಲ್ಲ ಒಂದೇ" ಅಂದರು. ಅತ್ತೆ ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಮಾನ ಹೋದದ್ದಕ್ಕೂ ನನ್ನ ಹೆಸರೇ ಕಾರಣ ಅನ್ನುವಂತೆ ಕಿಟಕಿಯಾಚೆ ನೋಡುತ್ತಾ ಕೂತರು.

ಮಗಳು ಸ್ಕೂಲಿಗೆ ಹೋಗುವಂತಾದ ಮೇಲೆ ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸಿಗೆ ಸೇರಿಕೊಂಡೆ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇದ್ದ ಹೆಸರನ್ನೇ ಅವರು ಬರೆದುಕೊಂಡರು. ಮೊದಲ ದಿನ ಸೂಪರ್‌ವೈಸರು, "ಏನಮ್ಮಾ, ಹೊಲಿಗೆ ಬಿಟ್ಟಿರೋ ಪೀಸ್ ಪಾಸ್ ಮಾಡಿದ್ದೀಯಲ್ಲಾ, ಕಣ್ಣು ಎಲ್ಲಿಟ್ಟಿದ್ದೆ?" ಅಂತ ನನ್ನ ಹೆಸರು ಸೇರಿಸಿ ಬೈದ. ಜೊತೆಯವರು ನನಗೆ ಅಳು ಬಂತು ಅಂದುಕೊಂಡು ಸಮಾಧಾನ ಮಾಡಿದರು. ಬಂದದ್ದು ಅಳುವೇ. ಆದರೆ ಅದು ಬೈಗುಳಕ್ಕಲ್ಲ. ಬೈಗುಳದ ಬಾಲಕ್ಕೆ ಕಟ್ಟಿಕೊಂಡಾದರೂ ನನ್ನ ಹೆಸರು ನನ್ನ ಕಿವಿಗೆ ಬಿದ್ದಿತ್ತು. ಅಲ್ಲೂ ನಾವು ಮೂವರು. ಕಾಲರ್ ಹೊಲಿಯುವವಳು, ಗುಂಡಿ ಹಾಕುವವಳು, ಚೆಕಿಂಗಿನ ನಾನು. ಕೆಲಸ ಸೇರಿಸಿ ಕೂಗುತ್ತಿದ್ದರು, ಯಾರಿಗೂ ತೊಂದರೆಯಾಗಲಿಲ್ಲ. ಇಷ್ಟು ಸುಲಭದ್ದು ಒಂದು ಮನೆಯೊಳಗೆ ಯಾಕೆ ಆಗಲಿಲ್ಲ ಅಂತ ದಿನಾ ಸಂಜೆ ಬಸ್ಸಿನಲ್ಲಿ ಕೂತು ಕುದಿಯುತ್ತಿದ್ದೆ.

ಒಂದು ಭಾನುವಾರ ಚನ್ನಪಟ್ಟಣಕ್ಕೆ ಹೋಗುವಾಗ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಫೋನು ಬಡಿದುಕೊಂಡಿತು. ಆ ಕಡೆಯ ಗಂಡಸು ಎಷ್ಟು ಜೋರಾಗಿ ಅವಳ ಹೆಸರು ಕೂಗಿದನೆಂದರೆ ನಾನು 'ಆ' ಅಂದುಬಿಟ್ಟೆ. ಇಬ್ಬರೂ ನಕ್ಕು ಮಾತಿಗೆ ಬಿದ್ದೆವು. ಬೊಂಬೆ ಕೆಲಸದವಳು. ಗಂಡ ಮಿಷನ್ನಿನಲ್ಲಿ ಮರ ಕಡೆದು ಕೊಟ್ಟರೆ ಇವಳು ಅರಗಿನ ಬಣ್ಣ ಹಿಡಿಸುತ್ತಾಳೆ. "ಮಿಷನ್ ಸದ್ದಿಗೆ ಕಿವಿ ಮಂದ ಆಗೈತೆ ಕಣಕ್ಕಾ ಅವನ್ಗೆ. ನೀರು ಬೇಕು ಅಂದ್ರೂ ನನ್ನೆಸ್ರು, ಬೀಡಿ ಬೇಕು ಅಂದ್ರೂ ನನ್ನೆಸ್ರು. ಬೆಳಗಿಂದ ಸಂಜೆಗಂಟ ಕೂಗಿ ಕೂಗಿ ಸಾಯಿಸ್ತಾನೆ. ಸಾಕಾಗೋಗೈತೆ" ಅಂದಳು. ಅವಳು ಸಾಕು ಅಂದ ಕೂಗುಗಳಲ್ಲಿ ಒಂದೇ ಒಂದು ನನಗೆ ಸಿಕ್ಕಿದ್ದರೆ!

ಅವತ್ತು ಮನೆಗೆ ಬಂದವಳೇ ಯಜಮಾನರನ್ನು ಕೇಳಿದೆ. ಅತ್ತೆ ಪಕ್ಕದ ಮನೆಗೆ ಹೋಗಿದ್ದರು.

"ರೀ, ಒಂದು ಸಲ ನನ್ನ ಹೆಸರು ಹಿಡಿದು ಕೂಗಿ."

ಇವರು ಎರಡಕ್ಷರದ್ದನ್ನು ಕೂಗಿದರು.

"ಅದಲ್ಲ. ನನ್ನದು."

"ಬ್ಯಾಡ ಕಣೇ. ಅವ್ವನ ಹೆಸ್ರು. ನಾಲ್ಗೆ ಹೊರಳಾಕಿಲ್ಲ."

"ಅವ್ವ ಇಲ್ಲ ಈಗ. ಯಾರೂ ಕೇಳಿಸ್ಕೊಳಲ್ಲ."

"ನಂಗೆ ಕೇಳುಸ್ತದಲ್ಲಾ" ಅಂದರು.

ಒಳ್ಳೆ ಮನುಷ್ಯರು ಇವರು. ಕೈ ಎತ್ತಿದವರಲ್ಲ, ಕುಡಿದವರಲ್ಲ, ಕೇಳಿದ್ದನ್ನು ಇಲ್ಲ ಅಂದವರಲ್ಲ. ಒಳ್ಳೆಯವರ ಜೊತೆ ಜಗಳ ಆಡುವುದೇ ಕಷ್ಟ. ತಲೆ ಕೆಟ್ಟು ಕೆರ ಹಿಡಿದುಹೋಗಿ, ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ. ಪಾತ್ರೆ ಬೆಳ್ಳಗಾದವು, ಅಷ್ಟೇ.

ವರ್ಷಗಳು ಹೋದವು. ನಮ್ಮವ್ವ ಹೋದಳು. ನನ್ನನ್ನು ಹೆಸರು ಹಿಡಿದು ಕರೆಯುವ ಹಿರಿಯರು ಒಬ್ಬೊಬ್ಬರೇ ಖಾಲಿಯಾದರು. ಮಗಳಿಗೆ ಅವ್ವ, ಅಳಿಯನಿಗೆ ಅತ್ತೆ, ಬೀದಿಗೆ ಆಂಟಿ. ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಾಯಿತು. ನಾನು ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲಿ ನಿಂತೆ. ಅಲ್ಲಿಗೆ ನನ್ನ ಹೆಸರು ಕೇಳಿಸುತ್ತಿದ್ದ ಕೊನೆಯ ಜಾಗವೂ ಹೋಯಿತು. ನಡುಮನೆಯಲ್ಲಿ ಮಂಚ ಹಾಕಿ, ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಎಲ್ಲ ಮಾಡಿದೆ. ಪ್ರೀತಿಯಿಂದ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಸಿಟ್ಟಿನಿಂದ ಮಾಡಿದೆ ಅಂದರೂ ಸುಳ್ಳೇ.

ಅತ್ತೆಗೆ ಒಬ್ಬ ಅಣ್ಣನಿದ್ದರು, ವಿರೂಪಾಕ್ಷಿಪುರದ ಕಡೆ. ಎಂಬತ್ತು ದಾಟಿದ ಮುದುಕರು. ತಂಗಿಯನ್ನು ನೋಡಬೇಕು ಅಂತ ಮೊಮ್ಮಗನ ಬೈಕಿನಲ್ಲಿ ಕೂತು ಬಂದರು. ಅವರು ಆ ಮನೆಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಾವುದೋ ಜಮೀನಿನ ಮುನಿಸು, ಎಷ್ಟೋ ಕಾಲದಿಂದ ಹೋಗಿಬರುವುದು ನಿಂತಿತ್ತು. ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು. ಮುದುಕರು ಬಾಗಿಲಲ್ಲಿ ಕೋಲೂರಿ ನಿಂತು ಒಂದು ಹೆಸರು ಕೂಗಿದರು. ನನ್ನದಲ್ಲ. ನಾನು ಆ ಮನೆಯಲ್ಲಿ ಯಾವತ್ತೂ ಕೇಳದ ಹೆಸರು.

ಅತ್ತೆ ಫಟ್ಟನೆ ಕಣ್ಣು ಬಿಟ್ಟು, "ಓ ಅಣ್ಣಾ" ಅಂದರು. ಎರಡು ದಿನದಿಂದ ಮಾತೇ ಆಡದಿದ್ದವರು. ಸಣ್ಣ ಹುಡುಗಿಯ ದನಿ. ನಾನು ಗಂಜಿಯ ಬಟ್ಟಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಮುದುಕರು ಹೋದ ಮೇಲೆ ಮಂಚದ ಪಕ್ಕ ಕೂತು ಕೇಳಿದೆ: "ಅತ್ತೆಮ್ಮಾ, ಅದ್ಯಾವ ಹೆಸರು?"

"ನನ್ನೆಸ್ರು" ಅಂದರು. "ನಮ್ಮಪ್ಪ ಮಡುಗಿದ್ದು. ಈ ಮನೇಲಿ ನಮ್ಮತ್ತೇದೂ ಅದೇ ಇತ್ತು. ಬಂದ ದಿನವೇ ತಗುದ್ರು. ಆ ಇನ್ನೊಂದ್ನ ಆರ್ಸಿದ್ದು ನಿಮ್ಮಾವ."

ಶಿವ ಶಿವಾ! ಅಂದರೆ ನನ್ನಿಂದ ಕಿತ್ತುಕೊಂಡ ಹೆಸರು ಅವರ ಸ್ವಂತದ್ದೇ ಅಲ್ಲ. ಈ ಮನೆಯವರು ಇಟ್ಟದ್ದು. ಅವರ ಅತ್ತೆಯ ಹೆಸರಿಗೆ ಅಡ್ಡ ಬರಬಾರದು ಅಂತ ಅವರಿಗೊಂದು ಹೆಸರು ಕೊಟ್ಟರು; ಆ ಕೊಟ್ಟ ಹೆಸರಿಗೆ ಅಡ್ಡ ಬಂತು ಅಂತ, ಹುಟ್ಟಿದಾಗಿನಿಂದ ನನ್ನದಾಗಿದ್ದ ಹೆಸರನ್ನು ತೆಗೆದರು. ಕೋಪ ನೆತ್ತಿಗೇರಿತು. ಲಕ್ವ ಹೊಡೆದ ಮುದುಕಿಯ ಮುಂದೆ ಅಂತಲೂ ನೋಡದೆ ಕೇಳಿಯೇಬಿಟ್ಟೆ: "ಹಂಗಿದ್ರೆ ಆ ನೋವು ನಿಮಗೆ ಗೊತ್ತಿತ್ತಲ್ಲಾ? ಗೊತ್ತಿದ್ದೂ ನಂಗೆ ಯಾಕೆ ಹಂಗ್ ಮಾಡಿದ್ರಿ?"

ಅತ್ತೆ ನನ್ನ ಕಡೆ ಮುಖ ತಿರುಗಿಸಿದರು. ಒಂದೊಂದೇ ಮಾತನ್ನು ಎಳೆದು ಎಳೆದು ಆಡಿದರು. "ಮೊದ್ಲು ನಂಗೂ ಸಿಟ್ಟು ಬತ್ತಿತ್ತು ಕಣಮ್ಮಿ. ಆಮ್ಯಾಕೆ ನಿಮ್ಮಾವ ಕೂಗಿ ಕೂಗಿ ಅದೇ ನಂದಾಯ್ತು. ಅಂಗ್ಡಿಯಿಂದ ಬತ್ತಿದ್ದಂಗೇ ಬಾಯ್ತುಂಬ ಕೂಗೋರು. ಅವ್ರು ಒಂಟೋದ್ರು. ಕೂಗೋರು ಇಲ್ದಿದ್ರೂ ಎಸ್ರು ಉಳೀತಲ್ಲಾ ಅಂತಿದ್ದೆ. ಒಂದ್ಸಲ ಕಳ್ಕೊಂಡೋಳು ಕಣಮ್ಮಿ ನಾನು. ಎರಡನೇ ಸಲ ಎಂಗೆ ಬುಟ್ಟುಕೊಡ್ಲಿ?"

ನಾನು ಬಟ್ಟಲು ತೊಳೆಯಲು ಎದ್ದೆ. ಅವರು ಎಡಗೈಯಲ್ಲಿ ನನ್ನ ಸೆರಗು ಹಿಡಿದರು. "ನಾನೋದ್ಮ್ಯಾಕೆ ನೀನೇ ಮಡಿಕ್ಕೊ" ಅಂದರು. ಸೀರೆಯನ್ನೋ ಓಲೆಯನ್ನೋ ಕೊಡುವವರ ಹಾಗೆ ಹೇಳಿದರು. ಅದು ನನ್ನದೇ ಅಲ್ಲವೇ, ಇವರು ಯಾರು ಕೊಡುವುದಕ್ಕೆ ಅಂತ ಆಗಲೂ ಒಳಗೊಳಗೇ ಸಿಡುಕಿದೆ. ಆದರೂ ಕೊಟ್ಟದ್ದನ್ನು ತೆಗೆದುಕೊಂಡೆ. ಆಯ್ತು ಅತ್ತೆಮ್ಮಾ ಅಂದೆ.

ಮಳೆ ಶುರುವಾಗುವ ಹೊತ್ತಿಗೆ ಅತ್ತೆ ಹೋದರು. ಕಾರ್ಯವೆಲ್ಲ ಮುಗಿದು, ನೆಂಟರು ಕರಗಿ, ಮನೆಯಲ್ಲಿ ನಾವಿಬ್ಬರೇ ಉಳಿದೆವು. ಒಂದು ತಿಂಗಳು ಸುಮ್ಮನಿದ್ದೆ. ಆಮೇಲೆ ಹೇಳಿದೆ: "ನಿಮ್ಮವ್ವನೇ ಹೇಳಿ ಹೋಗಿದ್ದಾರೆ. ಇನ್ನು ನೆಪ ಹೇಳಬೇಡಿ. ನನ್ನ ಹೆಸರು ಹಿಡಿದು ಕರೆಯಿರಿ. ಎರಡಕ್ಷರದ್ದಕ್ಕೆ ಇನ್ನು ನಾನು ಓಗೊಡುವುದಿಲ್ಲ." ಇವರು ತಲೆಯಾಡಿಸಿದರು. ಪ್ರಯತ್ನವನ್ನೂ ಮಾಡಿದರು, ಸುಳ್ಳು ಹೇಳಬಾರದು. ಮನೆಯ ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಳ್ಳುವುದು, ಮೊದಲ ಅಕ್ಷರದಲ್ಲೇ ನಿಲ್ಲುವುದು, "ಇವ್ಳೇ, ಒಸಿ ಇಲ್ಲಿ ಬಾ" ಅನ್ನುವುದು. ನಾನು ಇವಳೇ ಅಲ್ಲ ಅಂತ ಕೂತೇ ಇರುವುದು. ಎಷ್ಟೋ ದಿನ ಇವರು ತಾವೇ ನೀರು ಬಗ್ಗಿಸಿಕೊಂಡು ಕುಡಿದು ಹೋಗಿದ್ದಾರೆ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿತ್ತು. ಅಂಗಡಿಯಲ್ಲಿ ಕೆಲಸ ನಿಂತಿದ್ದರಿಂದ ಬೇಗ ಊಟಕ್ಕೆ ಬಂದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ನಡುಮನೆಯಿಂದ ನನ್ನ ಹೆಸರು ಕೇಳಿಸಿತು. ಪೂರ್ತಿ ಹೆಸರು, ಬಾಯ್ತುಂಬ, ಎಲ್ಲೂ ತಡವರಿಸದೆ.

ಕೈಯಲ್ಲಿದ್ದ ಬಟ್ಟೆ ಹಾಗೇ ಬಿಟ್ಟೆ. ತಕ್ಷಣ ಓಗೊಡಲಿಲ್ಲ. ಆಸೆ, ಇನ್ನೊಂದು ಸಲ ಕೇಳೋಣ ಅಂತ. ಮತ್ತೆ ಕೂಗಿದರು. ಈ ಸಲ ದನಿ ಅರ್ಧಕ್ಕೆ ಒಡೆಯಿತು.

ಸೋಪಿನ ಕೈಯಲ್ಲೇ ಒಳಗೆ ಓಡಿದೆ. ನಡುಮನೆಯ ಬಾಗಿಲಲ್ಲಿ, ಟವಲನ್ನು ಬಾಯಿಗೆ ಒತ್ತಿಕೊಂಡು ಕುಸಿದು ಕೂತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಭುಜ ಕುಲುಕಿಸಿ ಅಳುತ್ತಿದ್ದರು. ತಾಯಿಯ ಹೆಣದ ಮುಂದೆಯೂ ಹಾಗೆ ಅತ್ತಿರಲಿಲ್ಲ.

"ಏನಾಯ್ತು ರೀ?"

"ಅಪ್ಪ ಅಂಗ್ಡಿಯಿಂದ ಬಂದು ಅವ್ವನ್ನ ಕೂಗ್ದಂಗೇ ಇತ್ತು ಕಣೇ" ಅಂದರು. "ನಂದೇ ದನಿ, ಅಪ್ಪಂದು ಕೇಳುಸ್ತು. ಅವ್ವ ಹಿತ್ಲಿಂದ ಬತ್ತಾಳೆ ಅನ್ಸೋಯ್ತು."

ಹಿತ್ತಲಿನಿಂದ ಬಂದವಳು ನಾನು. ಕೂಗಿದ್ದು ನನ್ನ ಹೆಸರು. ಮೈ ಪರಚಿಕೊಳ್ಳಬೇಕು ಅನ್ನಿಸಿತು. ನನ್ನದು ಕಣ್ರೀ ಅದು, ನನ್ನದು, ನಿಮ್ಮವ್ವನದಲ್ಲ, ಅವರಿಗೂ ಅದು ಯಾರೋ ಕೊಟ್ಟದ್ದು ಅಂತ ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡು ಪಕ್ಕದಲ್ಲಿ ಕೂತು ಇವರ ಬೆನ್ನು ಸವರಿದೆ. ಅಳು ನನಗೂ ಬರುತ್ತಿತ್ತು, ಇವರದು ಮುಗಿಯಲಿ ಅಂತ ತಡೆದುಕೊಂಡೆ.

ಸ್ವಲ್ಪ ಹೊತ್ತಿಗೆ ಇವರು ಮುಖ ಒರೆಸಿಕೊಂಡು, ಮಕ್ಕಳು ಕೇಳುವ ಹಾಗೆ ಕೇಳಿದರು: "ಇನ್ನೊಂದ್ಸಲ ಕೂಗ್ಲಾ?"

"ಕೂಗಿ" ಅಂದೆ.

ಕಣ್ಣು ಮುಚ್ಚಿಕೊಂಡು ಕೂಗಿದರು. ಇವರ ಮಗ್ಗುಲಲ್ಲೇ ಕೂತಿದ್ದ ನಾನು, ಹಿತ್ತಲಿನಿಂದ ಓಗೊಡುವವಳ ಹಾಗೆ, "ಬಂದೆ ಇರೀ" ಅಂದೆ. ಇವರು ಕಣ್ಣು ಬಿಡಲಿಲ್ಲ.